ಹೂಂಗೂ ಊಹೂಂಗೂ ನಡುವೆ

ಫೆಬ್ರವರಿ ೯

ಸಕಲ ಬಂಧುಗಳಿಗೂ, ಸಮಸ್ತ ಹಿತೈಷಿಗಳಿಗೂ, ಈ ಎರಡು ಗುಂಪಿಗೂ ಸೇರದೆ ಉಳಿದಿರುವ ನನ್ನ ಒಬ್ಬನೇ ತಮ್ಮನಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಕಾಲಿಂಗ್ ಬೆಲ್ಲು ಇಂದು ಬೆಳಗ್ಗೆ ಸೇವೆಯಿಂದ ನಿವೃತ್ತಿ ಹೊಂದಿತು. ಸ್ಟೂಲ್ ಹತ್ತಿ, ಸ್ಕ್ರೂಡ್ರೈವರ್ ಹಿಡಿದು, ನಾನೇ ಅದನ್ನು ಬೀಳ್ಕೊಟ್ಟೆ. ಗೋಡೆಯಿಂದ ಎರಡು ವೈರು ಮೀಸೆಯ ಹಾಗೆ ಹೊರಗೆ ಚಾಚಿಕೊಂಡಿವೆ.

ಕಾರಣ ನೀನು ಬಲ್ಲೆ, ಬಾಬಿನ್. ಎಷ್ಟು ದೊಡ್ಡ ನಿರ್ದೇಶಕನಾದರೂ ನನಗೆ ನೀನು ಅಮ್ಮನ ಹೊಲಿಗೆ ಮೆಷಿನ್ನಿನ ಪುಟ್ಟ ದಾರದುರುಳೆಯೇ. ನಿನ್ನ ದೆವ್ವದ ಸಿನಿಮಾಕ್ಕೆ ಇಪ್ಪತ್ತೈದು ತುಂಬಿತು, ಹೊಸ ಪ್ರಿಂಟಿನಲ್ಲಿ ಮತ್ತೆ ಬರುತ್ತದೆ ಎಂದು ಸುದ್ದಿಯಾದದ್ದೇ ತಡ, ಊರಿನ ಪಡ್ಡೆಗಳಿಗೆಲ್ಲ ನಮ್ಮ ಮೆಟ್ಟಿಲು ಸಿಕ್ಕಿಬಿಟ್ಟಿತು. ಬರುತ್ತಾರೆ, ಬೆಲ್ ಒತ್ತುತ್ತಾರೆ, ಸಿನಿಮಾದಲ್ಲಿ ಕೂಗುವ ಹಾಗೆಯೇ ‘ಮಗು ಇದೆಯಾ?’ ಎಂದು ಕೂಗುತ್ತಾರೆ. ಒಳಗಿಂದ ನಿನ್ನ ದೆವ್ವ ‘ಹೂಂ’ ಎನ್ನುತ್ತದೋ ಎಂದು ಒಂದು ಗಳಿಗೆ ಕಿವಿಗೊಟ್ಟು, ಆಮೇಲೆ ಬಿದ್ದು ಎದ್ದು ಓಡುತ್ತಾರೆ. ನಿನ್ನೆ ಒಬ್ಬ ನಿಜವಾಗಿಯೂ ಬಿದ್ದ. ಅವನ ಮೊಣಕಾಲಿಗೆ ಪಟ್ಟಿ ಕಟ್ಟಿದ್ದು ನಾನು. ‘ಆಂಟಿ, ದೆವ್ವ ನೀವಾ ಅಥವಾ ಒಳಗಿರೋರಾ?’ ಎಂದು ತುಂಬಾ ವಿನಯದಿಂದ ಕೇಳಿದ.

ಇಂಟರ್ನೆಟ್ಟಿನಲ್ಲಿ ಯಾರೋ ‘ಭಯಾನಕ ಚಿತ್ರಗಳ ಹಿಂದಿನ ನಿಜ ಘಟನೆಗಳು’ ಎಂದು ಒಂದು ಪಟ್ಟಿ ಮಾಡಿ ಹಾಕಿದ್ದಾರೆ. ಮೊದಲ ಸ್ಥಾನ ಒಬ್ಬ ಕೊಲೆಗಾರನಿಗೆ, ಎರಡನೆಯದು ಒಂದು ಗೊಂಬೆಗೆ, ಮೂರನೆಯದು ಸುಟ್ಟುಹೋದ ಯಾವುದೋ ಹೋಟೆಲಿಗೆ, ನಾಲ್ಕನೆಯದು ನಮ್ಮ ಅಮ್ಮನಿಗೆ. ಪದಕ ತಪ್ಪಿದ್ದಕ್ಕೆ ಬೇಸರವಿದೆ. ಫೋಟೋ ಮಾತ್ರ ಎದುರುಮನೆಯ ರಿಟೈರ್ಡ್ ಹೆಡ್‌ಮಾಸ್ಟರರ ಮನೆಯದು. ಅವರು ಕೋಲೂರಿಕೊಂಡು ಜಗಳಕ್ಕೆ ಬಂದರು.

‘ನೋಡಮ್ಮಾ, ನಮ್ಮನೇಲಿ ದೆವ್ವ ಇಲ್ಲ. ಇರೋದೇ ನಾವಿಬ್ಬರು.’

‘ನಮ್ಮನೇಲೂ ಇಬ್ಬರೇ ಸಾರ್.’

‘ಅದಕ್ಕೇ ಹೇಳ್ತಿರೋದು. ನಿಮ್ಮದನ್ನ ನೀವು ಇಟ್ಕೊಳ್ಳಿ.’

ನನ್ನ ಲ್ಯಾಬಿನ ಕಥೆ ಕೇಳಬೇಡ. ಇಷ್ಟು ವರ್ಷ ಜನರ ರಕ್ತ ತೆಗೆಯುವ ಕೆಲಸ ಮಾಡಿದ್ದೇನೆ, ಯಾರೂ ‘ಅಯ್ಯೋ’ ಎಂದಿರಲಿಲ್ಲ. ಈಗ ‘ನೀವು ಆ ಮನೆಯವರಂತೆ’ ಎಂದು ಮುಂಚಾಚಿದ ತೋಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಬಾಗಿಲ ಹತ್ತಿರ ಸದ್ದಾದರೆ ಅಮ್ಮ ಮೆಷಿನ್ ನಿಲ್ಲಿಸಿ, ಸದ್ದು ಹೋಗುವವರೆಗೆ ಚಕ್ರದ ಮೇಲೆ ಕೈಯಿಟ್ಟು ಕೂತಿರುತ್ತಾಳೆ. ಅಷ್ಟೆ.

ಆದ್ದರಿಂದ ನನ್ನದೊಂದೇ ಅರ್ಜಿ. ಸಿನಿಮಾ ಶುರುವಾಗುವಾಗ ಕಪ್ಪು ಪರದೆಯ ಮೇಲೆ ‘ನಿಜ ಘಟನೆಯನ್ನು ಆಧರಿಸಿದ್ದು’ ಎಂದು ಬಿಳಿ ಅಕ್ಷರ ಬರುತ್ತದಲ್ಲ, ಅದೊಂದನ್ನು ಹೊಸ ಪ್ರಿಂಟಿನಿಂದ ತೆಗೆಸು. ದೆವ್ವ ಇರಲಿ. ಅದರ ಬಾಯಿತುಂಬ ಗುಂಡುಸೂಜಿ ಇರಲಿ. ಹಿಂದೆ ಕುಯ್ಯುವ ಪಿಟೀಲೂ ಇರಲಿ. ಆ ಸಾಲು ಬೇಡ. ಅಮ್ಮ ಬದುಕಿರುವಾಗಲೇ ಹೋಗಲಿ.

ನಿನ್ನ ಅಕ್ಕ

*

ಮಾರ್ಚ್ ೨

ಅಕ್ಕಾ,

ಬೆಲ್ಲಿನ ಬೀಳ್ಕೊಡುಗೆಗೆ ಕರೆಯದೆ ಇದ್ದದ್ದಕ್ಕೆ ನನ್ನ ಆಕ್ಷೇಪಣೆ ಇದೆ. ಒಂದು ಭಾಷಣವನ್ನಾದರೂ ಬರೆದುಕೊಂಡು ಬರುತ್ತಿದ್ದೆ. ‘ಮಿತಭಾಷಿ, ಒತ್ತಿದರೆ ಮಾತ್ರ ಮಾತನಾಡುತ್ತಿತ್ತು’ ಎಂದು.

ನಿನ್ನ ಅರ್ಜಿಯನ್ನು ನಿರ್ಮಾಪಕರ ಮುಂದೆ ಇಟ್ಟೆ. ಅವರು ನಕ್ಕರು. ಜನ ಬರುವುದು ದೆವ್ವ ನೋಡಲಿಕ್ಕಲ್ಲವಂತೆ, ಆ ಸಾಲು ಓದಲಿಕ್ಕಂತೆ. ಅದು ಬಂದಾಗ ಥಿಯೇಟರಿನಲ್ಲಿ ಸೀಟು ಕಿರುಗುಟ್ಟುವುದು ಒಮ್ಮೆಲೇ ನಿಲ್ಲುತ್ತದೆ, ಅದನ್ನು ನಾನೂ ಕೇಳಿದ್ದೇನೆ. ಅವರು ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ.

ನನ್ನ ಪರಿಸ್ಥಿತಿಯನ್ನೂ ಕೊಂಚ ನೋಡು. ಆ ಚಿತ್ರವಾದ ಮೇಲೆ ಎಷ್ಟೋ ಮಾಡಿದೆ. ಒಂದೂ ಓಡಲಿಲ್ಲ. ಓಡುವುದಿರಲಿ, ತೆವಳಲೂ ಇಲ್ಲ. ಈಗ ಮತ್ತೆ ಯಾರೋ ಫೋನ್ ಮಾಡಿ ‘ಸರ್’ ಎನ್ನುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಸಿನಿಮಾದ ನೆತ್ತಿಯನ್ನೇ ಬೋಳಿಸಿ ಎಂದರೆ ಹೇಗೆ?

ಅದಿರಲಿ. ಪ್ರಚಾರದವರು ನಮ್ಮ ಮೆಟ್ಟಿಲನ್ನು ಸುಮ್ಮನೆ ಹತ್ತು ನಿಮಿಷ ಚಿತ್ರೀಕರಿಸಬೇಕಂತೆ. ಅಮ್ಮನಿಗೆ ತೊಂದರೆಯಾಗದ ಹಾಗೆ. ಹೇಳಿಬಿಡಲಾ?

ಅಮ್ಮ ನನ್ನ ಬಗ್ಗೆ ಏನಾದರೂ ಕೇಳುತ್ತಾಳಾ?

ಬಾಬಿನ್

*

ಮಾರ್ಚ್ ೧೪

ಘನತೆವೆತ್ತ ನಿರ್ದೇಶಕರಿಗೆ,

ಕೇಳುತ್ತಾಳೆ. ‘ಅವನು ಈಗಲೂ ಕತ್ತಿನ ಗುಂಡಿ ಹಾಕೋದಿಲ್ವಾ?’ ಎಂದು. ನಿನ್ನ ಸಂದರ್ಶನವನ್ನು ಟೀವಿಯಲ್ಲಿ ನೋಡಿದಳು. ಇಡೀ ಸಂದರ್ಶನದಲ್ಲಿ ಅವಳು ನೋಡಿದ್ದು ನಿನ್ನ ಕಾಲರನ್ನು. ನಾನು ನೋಡಿದ್ದು ಬೇರೆ.

‘ಆವತ್ತು ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಆ ಹೂಂ ಇವತ್ತಿಗೂ ನನ್ನ ಕಿವಿಯಲ್ಲಿದೆ’ ಎಂದೆಯಲ್ಲ. ಹೇಳುವಾಗ ಕಣ್ಣು ಬೇರೆ ಮುಚ್ಚಿಕೊಂಡೆ. ನೀನು ಆವತ್ತು ಶಾಲೆಯಲ್ಲಿದ್ದೆ, ಬಾಬಿನ್. ಭೂಗೋಳದ ಪರೀಕ್ಷೆ ಬರೆಯುತ್ತಿದ್ದೆ. ಫೇಲಾದೆ. ನದಿಗಳನ್ನೆಲ್ಲ ಬೆಟ್ಟಕ್ಕೆ ಹತ್ತಿಸಿದ್ದೆ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು.

ಅಲ್ಲಿದ್ದವಳು ನಾನು. ಎಲ್ಲರಿಗೂ ನೀನು ಹೇಳಿದ್ದಾಯಿತಲ್ಲ, ನಿನಗೆ ಒಬ್ಬರಾದರೂ ಹೇಳಬೇಕು ಎಂದು ಬರೆಯುತ್ತಿದ್ದೇನೆ.

ಕೆಳಗಿನ ಮನೆಯ ಡ್ರೈವರಮ್ಮನ ಮಗಳು ಗುಬ್ಬಿ ದಿನಾ ನಮ್ಮಲ್ಲಿಗೆ ಬಂದು ಅಮ್ಮನ ಮೇಜಿನ ಕೆಳಗೆ ಕೂತು ಚಿಂದಿಬಟ್ಟೆಯಲ್ಲಿ ಆಡುತ್ತಿದ್ದಳು. ಅಮ್ಮ ಕೆಲಸ ಮಾಡುವಾಗ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದಳು, ಅದು ನಿನಗೂ ಗೊತ್ತು. ತುಟಿ ತೆರೆಯುವ ಹಾಗಿರಲಿಲ್ಲ. ಏನು ಕೇಳಿದರೂ ಹೌದಾದರೆ ‘ಹೂಂ’, ಇಲ್ಲವಾದರೆ ‘ಊಹೂಂ’. ನಾವಿಬ್ಬರೂ ಬೆಳೆದದ್ದೇ ಆ ಎರಡು ಮಾತಿನಲ್ಲಿ. ಸಿನಿಮಾಕ್ಕೆ ಹೋಗಲಾ, ಊಹೂಂ. ಹಸಿವಾಗ್ತಿದೆ, ಹೂಂ.

ಆ ದಿನ ಗುಬ್ಬಿ ಬಂದಿರಲಿಲ್ಲ. ನಾನು ಗೋಡೆಯ ಕಡೆ ನಿಂತು ಒಂದು ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಡ್ರೈವರಮ್ಮ ಕೆಳಗಿಂದ ಕೂಗಿದರು. ‘ಟೇಲರಮ್ಮಾ, ಗುಬ್ಬಿ ಅಲ್ಲಿದ್ದಾಳಾ?’ ಅಮ್ಮ ಹೊಲಿಯುತ್ತಲೇ ‘ಊಹೂಂ’ ಎಂದಳು. ಊ ಎನ್ನುವಾಗ ಮೆಷಿನ್ ಓಡುತ್ತಿತ್ತು. ಹೂಂ ಎನ್ನುವಾಗ ನಿಂತಿತ್ತು. ಊ ಅನ್ನು ಮೆಷಿನ್ ನುಂಗಿತು. ಕೆಳಗೆ ಹೋಗಿ ಬಿದ್ದದ್ದು ಬರೀ ಹೂಂ. ಮಗು ಮೇಲಿದೆ ಎಂದುಕೊಂಡು ಆಕೆ ನಿಶ್ಚಿಂತೆಯಿಂದ ಒಳಗೆ ಹೋದರು. ಮಗು ಅಂಗಳದ ನೀರಿನ ಸಂಪಿನಲ್ಲಿತ್ತು. ತೊಳೆಯಲೆಂದು ಮುಚ್ಚಳ ತೆಗೆದವರು ಮುಚ್ಚದೆ ಊಟಕ್ಕೆ ಹೋಗಿದ್ದರು.

ಸಂಜೆ ಆ ಅಂಗಳದಲ್ಲಿ ಡ್ರೈವರಮ್ಮ ಎದೆ ಬಡಿದುಕೊಂಡು ‘ಹೂಂ ಅಂದಳು, ಇದ್ದಾಳೆ ಅಂದಳು’ ಎಂದು ಕೂಗಿದರು. ಅಮ್ಮ ‘ಊಹೂಂ ಅಂದೆ’ ಎಂದಳು. ನಾನೂ ಹೇಳಿದೆ. ಹೆತ್ತ ಮಗಳ ಸಾಕ್ಷಿ ಎಂದು ಬೀದಿಯವರು ಪಕ್ಕಕ್ಕೆ ಸರಿಸಿದರು. ಅಲ್ಲಿಂದ ನಮ್ಮಮ್ಮ ‘ಹೂಂ ಅನ್ನೋಳು’ ಆದಳು. ನೀನು ಬೆಳೆದು ದೊಡ್ಡವನಾಗಿ ಅದಕ್ಕೆ ಬಿಳಿ ಸೀರೆ ಉಡಿಸಿದೆ.

ಒಂದು ವಿಷಯ ನೀನು ಗಮನಿಸಿರಲಿಕ್ಕಿಲ್ಲ. ಆವತ್ತಿನಿಂದ ಅಮ್ಮ ಸೂಜಿಯನ್ನು ಬಾಯಿಗಿಟ್ಟಿಲ್ಲ. ಹೂಂ ಎಂದೂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ‘ಇದೆ’ ಅನ್ನುತ್ತಾಳೆ, ‘ಇಲ್ಲ’ ಅನ್ನುತ್ತಾಳೆ, ಕೋರ್ಟಿನಲ್ಲಿ ನಿಂತವರ ಹಾಗೆ.

ಮೆಟ್ಟಿಲು ಚಿತ್ರೀಕರಣಕ್ಕೆ ಲಭ್ಯವಿಲ್ಲ. ಸಾಲು ತೆಗೆಸು.

ಅಕ್ಕ

*

ಏಪ್ರಿಲ್ ೨೦

ಅಕ್ಕಾ,

ಉತ್ತರ ತಡವಾಯಿತು. ನಿನ್ನ ಪತ್ರವನ್ನು ಓದಿ ಮಡಚಿಟ್ಟೆ, ಮತ್ತೆ ಓದಿ ಮಡಚಿಟ್ಟೆ. ಮಡಿಕೆಯಲ್ಲಿ ಹರಿಯಿತು.

ಮೆಟ್ಟಿಲ ಮೇಲೆ ಕೂತಿದ್ದೆ ಎಂದು ಮೊದಲ ಸಲ ಹೇಳಿದಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಹೇಳುತ್ತಾ ಹೇಳುತ್ತಾ ಮೆಟ್ಟಿಲು ತಣ್ಣಗಿದ್ದದ್ದೂ ನೆನಪಾಗತೊಡಗಿತು. ಈಗ ಪರೀಕ್ಷೆಯೇ ನೆನಪಿಲ್ಲ. ಇದಕ್ಕಿಂತ ಹೆಚ್ಚು ಏನು ಹೇಳಲಿ?

ಒಂದು ಶುಭ ಸಮಾಚಾರ. ಜಗಳವಾಡಿ ಗೆದ್ದಿದ್ದೇನೆ. ‘ನಿಜ ಘಟನೆಯನ್ನು ಆಧರಿಸಿದ್ದು’ ಎಂಬುದು ‘ನಿಜ ಘಟನೆಯಿಂದ ಪ್ರೇರಿತ’ ಎಂದಾಗುತ್ತದೆ. ಸಣ್ಣ ಬದಲಾವಣೆಯಲ್ಲ, ವಕೀಲರನ್ನು ಕೇಳಿದ್ದೇನೆ.

ಇನ್ನೊಂದು ಸಂಗತಿ. ಪ್ರಚಾರದವರು ಡ್ರೈವರಮ್ಮನನ್ನು ಹುಡುಕಿದ್ದಾರೆ. ಎಲ್ಲೋ ಮಗನ ಮನೆಯಲ್ಲಿದ್ದಾರಂತೆ, ವಯಸ್ಸಾಗಿದೆ. ಅವರಾಗಿ ಅವರೇ ಅಮ್ಮನನ್ನು ಒಮ್ಮೆ ನೋಡಬೇಕು ಎಂದರಂತೆ. ಕರೆತರಲು ಪ್ರಚಾರದವರು ನಮ್ಮ ವಿಳಾಸ ಕೇಳಿದರು, ಕೊಟ್ಟೆ. ಒಳ್ಳೆಯದೇ ಆಗಬಹುದಲ್ಲವಾ? ಇಬ್ಬರೂ ಮುಖ ನೋಡಿ ಮಾತಾಡಿದರೆ ಎಷ್ಟೋ ವರ್ಷದ ಗಂಟು ಸಡಿಲವಾಗಬಹುದು.

ಬಾಬಿನ್

*

ಏಪ್ರಿಲ್ ೨೬

ಬಾಬಿನ್,

ಬೇಡ.

ನಿನಗೆ ಅದು ‘ಬೇಗ’ ಎಂದು ಕೇಳಿಸಬಹುದು. ಆದ್ದರಿಂದ ಇನ್ನೊಮ್ಮೆ ಬರೆಯುತ್ತೇನೆ. ಬೇಡ.

ಪ್ರೇರಿತಕ್ಕೆ ಅಭಿನಂದನೆಗಳು. ಬಾಗಿಲಿಗೆ ಬಂದು ಕೂಗುವವರಿಗೆ ನಾಳೆಯಿಂದ ವ್ಯಾಕರಣ ಹೇಳಿಕೊಟ್ಟು ಕಳಿಸುತ್ತೇನೆ.

ಅಕ್ಕ

*

ಮೇ ೧೯

ತಮ್ಮನಿಗೆ,

ಅವರು ಬಂದರು. ನನ್ನ ‘ಬೇಡ’ ನಿನಗೆ ತಲುಪುವ ಮುಂಚೆ ನೀನು ಕೊಟ್ಟ ವಿಳಾಸ ಅವರಿಗೆ ತಲುಪಿತ್ತು.

ಡ್ರೈವರಮ್ಮ ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಿಂದೆ ಕ್ಯಾಮೆರಾದ ಒಬ್ಬ ಹುಡುಗಿ, ಮೈಕು ಹಿಡಿದ ಒಬ್ಬ ಗಡ್ಡದವನು. ‘ಸುಮ್ಮನೆ ನೆನಪಿಗೆ ಆಂಟಿ’ ಎಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಮ್ಮ ಒಳಗಿಂದಲೇ ಹೇಳಿದಳು.

‘ಬರಲಿ ಬಿಡೇ. ಬಾ ಡ್ರೈವರಮ್ಮ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ.’

‘ನನ್ನ ಕಾಲೂ ಅಲ್ಲಾಡುತ್ತೆ ಟೇಲರಮ್ಮ. ಎರಡೂ ಸೇರಿದ್ರೆ ಗಟ್ಟಿಯಾಗಿ ನಿಲ್ತೀವೇನೋ.’

ಇಬ್ಬರೂ ನಕ್ಕುಬಿಟ್ಟರು. ಆ ಹುಡುಗಿ ಕ್ಯಾಮೆರಾದಿಂದ ಮುಖ ಎತ್ತಿ, ‘ಅಜ್ಜಿ, ದಯವಿಟ್ಟು ನಗಬೇಡಿ, ಸ್ವಲ್ಪ ಬೇಜಾರಲ್ಲಿರಿ’ ಎಂದಳು. ನಿನ್ನ ಶಿಷ್ಯೆ ಇರಬೇಕು.

ಮಂಡಿನೋವು, ಕಣ್ಣಿನ ಪೊರೆ, ಸೊಸೆ, ಎಲ್ಲ ಮುಗಿಯಿತು. ಡ್ರೈವರಮ್ಮ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

‘ಒಂದು ಕೇಳ್ತೀನಿ. ಇವರು ಕೇಳು ಅಂದ್ರು ಅಂತಲ್ಲ. ನನಗೇ ಬೇಕು.’

‘ಕೇಳು.’

‘ಆವತ್ತು ನೀವು ಏನಂದ್ರಿ? ನಮ್ಮ ಯಜಮಾನ್ರು ಸಾಯೋವರೆಗೂ ನನ್ನ ಬಿಡಲಿಲ್ಲ. ನಿನ್ನ ಕಿವಿ ಕೆಟ್ಟಿತ್ತು, ನಾಲ್ಕು ಮೆಟ್ಟಿಲು ಹತ್ತಿ ನೋಡೋಕೆ ನಿನಗೇನಾಗಿತ್ತು ಅಂತ. ನಾನು ಕೇಳಿದ್ದು ಹೂಂ ಅಂತಾನೇ. ಆದ್ರೆ ನೆನೆಸ್ಕೊಂಡು ನೆನೆಸ್ಕೊಂಡು ಈಗ ಅದರ ಮುಂಚೆ ಒಂದು ಊ ಇತ್ತೇನೋ ಅನ್ಸುತ್ತೆ. ನಲ್ಲಿ ಬಿಟ್ರೆ ಆ ನೀರಲ್ಲೂ ಊ ಕೇಳ್ಸುತ್ತೆ ಟೇಲರಮ್ಮ. ಇತ್ತಾ?’

ನಾನು ಅಡಿಗೆಮನೆಯ ಬಾಗಿಲ ಹತ್ತಿರ ನಿಂತಿದ್ದೆ. ಇಷ್ಟು ವರ್ಷ ಯಾರಾದರೂ ಅಮ್ಮನನ್ನು ನೇರವಾಗಿ ಕೇಳಲಿ ಎಂದು ಕಾದಿದ್ದೆನಲ್ಲ, ಕೇಳಬೇಕಾದವರೇ ಬಂದು ಕೇಳಿದರು, ಕ್ಯಾಮೆರಾ ಬೇರೆ ಇದೆ. ಹೇಳಮ್ಮ, ಒಂದೇ ಒಂದು ಊ ಹೇಳಿಬಿಡು ಎಂದು ಮನಸ್ಸಿನಲ್ಲೇ ಕೂಗಿದೆ.

ಅಮ್ಮ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು.

‘ಹೂಂ ಅಂದೆ’ ಎಂದಳು. ‘ನೀನು ಕೇಳಿಸ್ಕೊಂಡಿದ್ದು ಸರಿಯಾಗಿಯೇ ಇತ್ತು. ದಿನಾ ಇರ್ತಾಳಲ್ಲ, ಮೇಜಿನ ಕೆಳಗೇ ಇದ್ದಾಳೆ ಅನ್ಕೊಂಡೆ. ಬಗ್ಗಿ ನೋಡಲಿಲ್ಲ. ಹೂಂ ಅಂದೆ.’

ಡ್ರೈವರಮ್ಮ ತಮ್ಮ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತರು, ಬಹಳ ದಿನ ನೋಯುತ್ತಿದ್ದ ಹಲ್ಲು ಕಿತ್ತ ಮೇಲೆ ಕೆನ್ನೆ ಹಿಡಿದುಕೊಳ್ಳುತ್ತಾರಲ್ಲ ಹಾಗೆ.

‘ಹಾಗಾದ್ರೆ ನಿಮ್ಮನ್ನ ಇಷ್ಟು ವರ್ಷ ಬೈಕೊಂಡಿದ್ದು ಸರಿಯೇ ಆಯ್ತು’ ಎಂದರು.

‘ಸರಿಯೇ’ ಎಂದಳು ಅಮ್ಮ.

ಆಕೆ ಕೆಳಗಿಳಿಯುವಾಗ ಬಂದದ್ದಕ್ಕಿಂತ ಹಗುರಾಗಿ ಇಳಿದರು. ಗಡ್ಡದವನು ಆ ಹುಡುಗಿಯ ಕಿವಿಯಲ್ಲಿ ‘ಸಿಕ್ಕಿಬಿಡ್ತು’ ಎಂದದ್ದು ನನಗೆ ಕೇಳಿಸಿತು. ನನ್ನ ಕಿವಿ ಇನ್ನೂ ಚೆನ್ನಾಗಿದೆ.

ಬಾಗಿಲು ಹಾಕಿ ಅಮ್ಮನ ಮೇಲೆ ಹರಿಹಾಯ್ದೆ. ‘ಯಾಕೆ ಸುಳ್ಳು ಹೇಳಿದೆ? ನಾನಿಲ್ಲಿ ನಿಂತಿದ್ದೆ, ನಿನ್ನ ಬಾಯಿಂದ ಊಹೂಂ ಬಂದದ್ದು ನಾನು ಕೇಳಿದ್ದೆ!’

‘ಊಹೂಂ ಅಂದಿದ್ದೆ ಅಂತ ಹೇಳಿದ್ರೆ ಅವಳ ಕಿವೀದೇ ತಪ್ಪಾಗ್ತಿತ್ತು. ಹೆತ್ತೋಳು ಕಣೇ ಅವಳು. ಇನ್ನೆಷ್ಟು ದಿನ ಇರ್ತಾಳೆ, ಅದನ್ನ ಹೊತ್ಕೊಂಡು ಹೋಗೋದು ಬೇಡ. ನನಗೆ ಹೊತ್ತು ಅಭ್ಯಾಸ ಆಗಿದೆ.’

‘ಮತ್ತೆ ನಾನು? ನಾನು ಊರೆಲ್ಲ ಸುಳ್ಳು ಹೇಳ್ಕೊಂಡು ಬಂದ ಹಾಗಾಯ್ತಲ್ಲ!’

ಅಮ್ಮ ಮೆಷಿನ್ನಿಗೆ ದಾರ ಪೋಣಿಸತೊಡಗಿದಳು.

ಅವಳು ಮಾಡಿದ್ದು ದೊಡ್ಡದು ಎಂದು ನೀನು ಹೇಳಬಹುದು. ಇರಬಹುದು. ನನಗೆ ಸಿಟ್ಟು ಇಳಿದಿಲ್ಲ. ಅವಳ ಪರವಾಗಿ ಒಬ್ಬಳೇ ಒಬ್ಬ ಸಾಕ್ಷಿ ಇದ್ದಳು, ಅವಳನ್ನು ಅಮ್ಮನೇ ಕೈಯಾರೆ ಅಳಿಸಿಹಾಕಿದಳು.

ಈಗ ಕೇಳು. ಆ ಚಿತ್ರೀಕರಣ ಎಲ್ಲೂ ಹೊರಗೆ ಬರಕೂಡದು. ಬಂದರೆ ನಾನು ಅಲ್ಲಗಳೆಯುವ ಹಾಗೂ ಇಲ್ಲ. ಅಮ್ಮ ಯಾಕೆ ಹಾಗೆ ಹೇಳಿದಳು ಎಂದು ನಾನು ಬಾಯಿ ಬಿಟ್ಟರೆ ಅದು ಡ್ರೈವರಮ್ಮನ ಕಿವಿಗೂ ಬೀಳುತ್ತದೆ. ಅಮ್ಮ ಕೊಟ್ಟದ್ದನ್ನು ನಾನು ಕಿತ್ತುಕೊಂಡ ಹಾಗಾಗುತ್ತದೆ. ನನ್ನ ಬಾಯಿ ಕಟ್ಟಿದೆ. ನಿನ್ನದು ಕಟ್ಟಿಲ್ಲ. ಒಂದು ಸಲ, ಒಂದೇ ಸಲ, ಆ ನಿರ್ಮಾಪಕರ ಎದುರು ನಿಂತು ‘ಕೂಡದು’ ಎನ್ನು.

ಅಕ್ಕ

*

ಜೂನ್ ೧೧

ಅಕ್ಕಾ,

ಹೇಳಿದ್ದೇನೆ. ಕೂಡದು ಎಂಬ ಪದವನ್ನೇ ಬಳಸಿದೆ. ಅವರು ‘ನೋಡೋಣ’ ಎಂಬ ಪದ ಬಳಸಿದರು.

ಆ ತುಣುಕನ್ನು ನನಗೂ ತೋರಿಸಿದರು. ಅಮ್ಮ ಎಷ್ಟು ಸಣ್ಣಗಾಗಿದ್ದಾಳೆ. ತುಣುಕು ಮುಗಿದ ಮೇಲೆ ಯಾರೋ ‘ಸರ್, ನೀವು ಮಾಡಿದ್ದು ಕಥೆ ಅಲ್ಲ, ಸತ್ಯ’ ಎಂದರು. ನಿನಗೆ ಮಾತ್ರ ಬರೆಯುತ್ತೇನೆ, ಸಿಟ್ಟಾಗಬೇಡ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಸುಳ್ಳುಗಾರ ಅಲ್ಲ ಎನಿಸಿತು. ಅಮ್ಮನ ಕಾರಣ ಕ್ಯಾಮೆರಾದಲ್ಲಿ ಇಲ್ಲವಲ್ಲ. ಇರುವುದು ಅವಳ ಮಾತು ಮಾತ್ರ.

ನನ್ನ ಕೈಲಾದದ್ದು ಮಾಡುತ್ತಿದ್ದೇನೆ. ನನ್ನ ಕೈ ಎಷ್ಟು ಉದ್ದ ಎಂದು ನಿನಗೆ ಗೊತ್ತೇ ಇದೆ.

ಬಾಬಿನ್

*

ಜುಲೈ ೮

ಬಾಬಿನ್,

ನಿನ್ನ ಕೈಯ ಅಳತೆ ಊರಿಗೆಲ್ಲ ತಿಳಿಯಿತು.

ಮೊದಲು ನೋಡಿದ್ದು ಬಸ್ ನಿಲ್ದಾಣದ ಗೋಡೆಯಲ್ಲಿ. ಅಮ್ಮನ ಮುಖ, ಒಂದು ಕಡೆ ಪೂರ್ತಿ ಕತ್ತಲು ಮಾಡಿದ್ದಾರೆ. ಕೆಳಗೆ ‘ಕೊನೆಗೂ ಅವಳೇ ಒಪ್ಪಿಕೊಂಡಳು’. ಆಮೇಲೆ ಎಲ್ಲರ ಫೋನಿನಲ್ಲೂ ಬಂತು. ನಗು ಕತ್ತರಿಸಿದ್ದಾರೆ, ಕುರ್ಚಿಯ ಕಾಲು ಕತ್ತರಿಸಿದ್ದಾರೆ, ಪಿಟೀಲು ಸೇರಿಸಿದ್ದಾರೆ. ನಿನ್ನೆ ಲ್ಯಾಬಿನಲ್ಲಿ ಒಬ್ಬನ ತೋಳಿಗೆ ಪಟ್ಟಿ ಬಿಗಿಯುತ್ತಿದ್ದೆ, ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ‘ಹೂಂ ಅಂದೆ, ಹೂಂ ಅಂದೆ.’ ನಮ್ಮಮ್ಮನ ಗಂಟಲು, ಅವನ ರಿಂಗ್‌ಟೋನು. ‘ಸಾರಿ ಮೇಡಂ’ ಎಂದು ಆಫ್ ಮಾಡಿದ. ಒಂದೇ ಚುಚ್ಚಿಗೆ ನರ ಸಿಕ್ಕಿತು. ಅಷ್ಟು ಸಲೀಸಾಗಿ ಸಿಕ್ಕಿತಲ್ಲ ಎಂದು ಆಮೇಲೆ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಅಮ್ಮನೂ ನೋಡಿದಳು. ‘ಡ್ರೈವರಮ್ಮ ಚೆನ್ನಾಗಿ ಕಾಣ್ತಾಳೆ’ ಎಂದಳು. ಆಮೇಲೆ ಊಟ ಮಾಡಲಿಲ್ಲ. ಈಗ ಬಟ್ಟೆ ಹೊಲಿಸಲು ಯಾರೂ ಬರುವುದಿಲ್ಲ. ಬರುವವರೆಲ್ಲ ಅವಳು ಹೊಲಿಯುವುದನ್ನು ನೋಡಲಿಕ್ಕೆ ಬರುತ್ತಾರೆ.

ಮೊದಲನೆಯ ಪತ್ರದಲ್ಲಿ ಸಲ್ಲಿಸಿದ್ದ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಆ ಸಾಲು ಇರಲಿ. ಆಧರಿಸಿದ್ದು ಎಂದೇ ಇರಲಿ, ಪ್ರೇರಿತ ಎಂದು ನಾಚಿಕೊಳ್ಳುವುದು ಬೇಡ. ನಿನ್ನ ಸುಳ್ಳಿಗೆ ಅಮ್ಮ ತನ್ನ ಬಾಯಿಂದಲೇ ಒಳಗಿನಿಂದ ಅಸ್ತರ್ ಹೊಲಿದು ಕೊಟ್ಟಿದ್ದಾಳೆ.

ಮನೆ ಬಿಡುತ್ತಿದ್ದೇವೆ. ಮನೆ ಮಾಲೀಕರ ಮೊಮ್ಮಗ ಇದನ್ನು ‘ದೆವ್ವದ ಜೊತೆ ಒಂದು ದಿನ’ ಎಂದು ಬಾಡಿಗೆಗೆ ಕೊಡುತ್ತಾನಂತೆ. ‘ಮೆಷಿನ್ ಇಲ್ಲೇ ಬಿಟ್ಟು ಹೋಗ್ತೀರಾ ಆಂಟಿ, ವಾತಾವರಣ ಚೆನ್ನಾಗಿರುತ್ತೆ’ ಎಂದು ಕೇಳಿದ. ಅಮ್ಮ ಅವನನ್ನು ನೋಡಿದ ನೋಟವನ್ನು ನಿನ್ನ ಸಿನಿಮಾದ ದೆವ್ವ ಕಲಿತಿದ್ದರೆ ಇನ್ನೂ ಇಪ್ಪತ್ತೈದು ವರ್ಷ ಓಡುತ್ತಿತ್ತು. ಹೊಸ ಮನೆ ಎಲ್ಲಿ ಎಂದು ನಿನಗೆ ಹೇಳುವುದಿಲ್ಲ. ನೀನು ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೀಯ.

ಒಂದು ಸಣ್ಣ ಸಹಾಯ ಬೇಕಿತ್ತು, ಬೇರೆ ಯಾರನ್ನೂ ಕೇಳುವ ಹಾಗಿಲ್ಲ. ಸಾಮಾನು ಹೊರುವವರು ಬಂದಿದ್ದರು. ಬೀರು ಇಳಿಸಿದರು, ಮಂಚ ಇಳಿಸಿದರು, ಮೆಷಿನ್ ಹತ್ತಿರ ಬಂದವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಅದೊಂದು ಬಿಟ್ಟು ಏನು ಬೇಕಾದ್ರೂ ಹೇಳಿಯಮ್ಮಾ’ ಎಂದು ಹೊರಟುಹೋದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೂ ಮಕ್ಕಳಿದ್ದಾರೆ. ಎರಕದ ಕಬ್ಬಿಣದ ಕಾಲು, ನಾವಿಬ್ಬರು ಹೆಂಗಸರು ಜರುಗಿಸಲೂ ಆಗುವುದಿಲ್ಲ. ನಿನ್ನ ಸಿನಿಮಾ ನೋಡಿರದ ಇಬ್ಬರು ಗಟ್ಟಿ ಆಳುಗಳನ್ನು ಎಲ್ಲಿಂದಾದರೂ ಹುಡುಕಿ ಶನಿವಾರ ಬೆಳಗ್ಗೆ ಕಳಿಸು. ಹಗ್ಗ ನಮ್ಮಲ್ಲಿಲ್ಲ, ಅವರೇ ತರಲಿ.

ಅಕ್ಕ